ನಳಿಕೆಯ ಮೇಲಿನ ಕುಂಕುಮ

ಮಾದರಿ ಯುದ್ಧ ಟ್ಯಾಂಕ್ ಸ್ಪರ್ಧೆಯ ತೀರ್ಪುಗಾರರಿಗೆ,
ಭಾರತೀನಗರದಲ್ಲಿ ನಂಬರ್ ಪ್ಲೇಟ್ ಬರೆಯುವ ಶೋಭಿತಾಳ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ನನ್ನ ಪುಟ್ಟ ಟ್ಯಾಂಕಿನ ತುಕ್ಕು, ಕೆಸರು, ಎಣ್ಣೆ ಸೋರಿದ ಕಲೆ ಎಲ್ಲವೂ ಅಸಲಿಯಂತಿವೆ, ತೋಪಿನ ನಳಿಕೆಯ ಮೇಲೆ ಮಳೆಗೆ ಇಳಿದ ಕುಂಕುಮ ಮಾತ್ರ ಬರೀ ಕಲ್ಪನೆ, ಅದನ್ನು ಅಳಿಸಿಕೊಟ್ಟರೆ ಮೊದಲ ಬಹುಮಾನ ಖಚಿತ ಎಂದಿದ್ದೀರಿ.

ಅಳಿಸುವುದಿಲ್ಲ.

ಅದು ನನ್ನ ಸೋದರಮಾವ ಕರಿಯಯ್ಯ ಸೇನೆಯಲ್ಲಿ ಓಡಿಸಿದ ಟ್ಯಾಂಕಿನ ಪ್ರತಿರೂಪ. ಆಯುಧಪೂಜೆಯ ದಿನ ಆ ಟ್ಯಾಂಕಿಗೆ ಕುಂಕುಮ ಇಟ್ಟವರೂ ಅವರೇ. ನಿಮ್ಮ ಪತ್ರವನ್ನು ಅವರಿಗೆ ಓದಿ ಹೇಳಿದೆ. "ಮನೆ ಸ್ಕೂಟರ್‌ಗೇ ನಿಂಬೆಹಣ್ ಮಡಗ್ತೀವಿ ಕಣವ್ವ, ಪ್ರಾಣ ಕಾಯೋ ಗಾಡಿಗೆ ಬ್ಯಾಡ್ವಾ? ಅವ್ರೇನ್ ಅದ್ರೊಳಗ್ ಕುಂತಿದ್ರಾ?" ಎಂದರು. ಕೊನೆಯ ಪ್ರಶ್ನೆಗೆ ನೀವು ಉತ್ತರ ಬರೆದರೆ ತಲುಪಿಸುತ್ತೇನೆ.

ಬಹುಮಾನದ ಆಸೆಯಿಲ್ಲ ಎಂದರೆ ಸುಳ್ಳಾಗುತ್ತದೆ. ಪ್ರಶಸ್ತಿಪತ್ರವನ್ನು ಅಂಗಡಿಯ ಗೋಡೆಗೆ ತೂಗುಹಾಕಿದರೆ ಗಿರಾಕಿ ಹೆಚ್ಚುತ್ತಾರೆ. ಆದರೂ ಬಹುಮಾನವನ್ನು ಬೇರೆಯವರಿಗೆ ಕೊಡಿ. ಟ್ಯಾಂಕನ್ನು ಹತ್ತಿಯಲ್ಲಿ ಸುತ್ತಿ ವಾಪಸ್ ಕಳಿಸಿ. ಧೂಳೆಂದು ಒರೆಸಬೇಡಿ; ಅದೂ ನಾನೇ ಬಳಿದದ್ದು.

ಈ ಟ್ಯಾಂಕಿನ ತೀರ್ಪು ಆಗಲೇ ಆಗಿದೆ. ಬಣ್ಣ ಮುಗಿದ ದಿನ ಮಾವನನ್ನು ಅಂಗಡಿಗೆ ಕರೆದೆ. ಒಳಗೆ ಕಾಲಿಟ್ಟವರು ಅದನ್ನು ಕಂಡು ಹಿಂದಕ್ಕೆ ಹೋಗಿ, ಚಪ್ಪಲಿ ಬಿಟ್ಟು ಬಂದರು.

ಇಂತಿ,
ಶೋಭಿತಾ