ನಿನಗೆ ತಲುಪಿದ ನೋಟಿಸು

ಸೆರ್ರಾಲ್ತಾ,
೨ ಡಿಸೆಂಬರ್ ೧೯೯೮

ನನ್ನ ಮುದ್ದು ತಮ್ಮ ಸವೇರಿಯೊ,

ಹೇಗಿದ್ದೀಯ? ಮೊದಲು ಅದನ್ನು ಹೇಳು. ಚಳಿ ಶುರುವಾದ ದಿನ ಹತ್ತುತ್ತಿದ್ದ ಕೆಮ್ಮು ಈಸ್ಟರ್ ತನಕ ನಿನ್ನನ್ನು ಬಿಡುತ್ತಿರಲಿಲ್ಲ, ಈಗಲೂ ಹಾಗೆಯೇ ಇದೆಯೇ? ರಾತ್ರಿ ಎದೆಗೆ ಬಿಸಿ ಎಣ್ಣೆ ಸವರಲು ಯಾರಾದರೂ ಇದ್ದಾರೆಯೇ? ನಿನಗೀಗ ನಲವತ್ತೇಳು. ತಲೆಗೂದಲು ಇದೆಯೋ, ಅಪ್ಪನ ಹಾಗೆ ಬೋಳಾಗಿದೆಯೋ ಎಂದು ಒಲೆಯ ಮುಂದೆ ಕೂತು ಲೆಕ್ಕ ಹಾಕುತ್ತಿರುತ್ತೇನೆ. ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಕೋಸಿಮೊ ಚೆನ್ನಾಗಿದ್ದಾನೆ. ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಅವನ ಬಾಯಿ ಇನ್ನೂ ಮದುವೆಗೆ ಬಂದ ನೆಂಟರ ಬಾಯಿಯ ಹಾಗೆಯೇ, ತಮಾಷೆ ನಿಲ್ಲಿಸುವುದೇ ಇಲ್ಲ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಈ ಸುದ್ದಿಯನ್ನು ನಿನಗೆ ಹೇಳಿದವರು ಯಾರೂ ಇಲ್ಲವೇನೋ ಎಂದು ಈಗ ಬರೆಯುವಾಗ ಕೈ ನಿಂತಿತು.

ಈ ಸಲ ಆಲಿವ್ ಚೆನ್ನಾಗಿ ಬಂತು. ಅಮ್ಮ ನಿನಗೆ ಬಿಟ್ಟುಹೋದ ಮೇಲಿನ ತಾಕಿನ ಮರಗಳೇ ನನ್ನ ಕೆಳಗಿನ ಮರಗಳಿಗಿಂತ ಹೆಚ್ಚು ಕೊಟ್ಟವು. ನೀನು ಮನೆ ಬಿಟ್ಟ ಆ ಮಾರ್ಚ್ ತಿಂಗಳ ಬೆಂಕಿಯಲ್ಲಿ ಸುಟ್ಟ ಹನ್ನೊಂದು ಮರಗಳ ಬುಡದಲ್ಲಿ ಮೂರನೆಯ ವರ್ಷ ಚಿಗುರು ಬಂದಿತ್ತು. ಒಂದೊಂದು ಬುಡಕ್ಕೆ ಒಂದೊಂದನ್ನೇ ಉಳಿಸಿ ಕಸಿ ಕಟ್ಟಿದೆ. ಈಗ ಕಾಯಿ ಕೀಳಲು ಅವಕ್ಕೆ ಏಣಿ ಹಾಕಬೇಕು. ಪ್ರತಿ ವರ್ಷ ಗಾಣದಲ್ಲಿ ಆ ಮರಗಳ ಮೊದಲ ಎಣ್ಣೆಯನ್ನು ಬೇರೆ ಡಬ್ಬಕ್ಕೆ ಹಿಡಿಸಿ, ಬಣ್ಣದಲ್ಲಿ ನಿನ್ನ ಹೆಸರು ಬರೆದು, ನೆಲಮಾಳಿಗೆಯಲ್ಲಿ ಇಡುತ್ತೇನೆ. ಹೊಸದು ಬಂದಾಗ ಹಳೆಯದರಲ್ಲಿ ಸಾಬೂನು ಕಾಯಿಸಿ ಅಕ್ಕಪಕ್ಕದವರಿಗೆ ಹಂಚುತ್ತೇನೆ. ಕೋಸಿಮೊ ರೇಗಿಸುತ್ತಾನೆ: "ನಿನ್ನ ತಮ್ಮ ಊರಿಗೆ ಬರದೇ ಇದ್ರೂ ಊರೋರ ಬಟ್ಟೆಯೆಲ್ಲ ಅವನೇ ಒಗೀತಿದಾನೆ ನೋಡು!"

ಈಗ ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ನಾನು ನಿನ್ನ ಮೇಲೆ ಕೇಸು ಹಾಕಿದೆ.

ಹೌದು, ನಿನ್ನ ಅಕ್ಕ ವಾದಿ, ನೀನು ಪ್ರತಿವಾದಿ. ಕೋಸಿಮೊನ ಗೋಡೆಯ ತಕರಾರಿಗೆಂದು ಬೆಲ್ಲೊಮೊ ವಕೀಲರ ಹತ್ತಿರ ಹೋಗಿದ್ದಾಗ ಅವರು ಮಾತಿನ ನಡುವೆ ಹೇಳಿದರು: ಇಪ್ಪತ್ತು ವರ್ಷ ಜಮೀನು ಯಾರ ಸ್ವಾಧೀನದಲ್ಲಿತ್ತೋ ಅವರು ಕೇಳಿದರೆ ಕೋರ್ಟು ಅವರ ಹೆಸರಿಗೇ ಮಾಡಿಕೊಡುತ್ತದಂತೆ. "ಮೇಲಿನ ಮರಗಳು ನಿಮ್ಮವೇ ಆದಂಗಲ್ವಾ, ಮೇನಮ್ಮಾ?" ಎಂದರು. ನಾನು ಕೇಳಿದ್ದು ಒಂದೇ: ತಮ್ಮನಿಗೆ ಹೇಳುತ್ತಾರೆಯೇ? "ಹೇಳದೆ ಹೇಗೆ? ಕೋರ್ಟು ಅವನನ್ನ ಹುಡುಕಿ ನೋಟಿಸು ಕೈಗೆ ಕೊಡಬೇಕು. ಅದಾಗದೆ ಕೇಸೇ ನಡೆಯಲ್ಲ." ಬೇರೆ ಏನೂ ನನ್ನ ಕಿವಿಗೆ ಬೀಳಲಿಲ್ಲ. ನಿನ್ನನ್ನು ಹುಡುಕಲು ನಾನು ಏನು ಮಾಡಿರಲಿಲ್ಲ? ನೀನು ಕೆಲಸಕ್ಕೆ ಸೇರಿದ್ದೆ ಎಂದು ಕೇಳಿದ್ದ ಬೆಲ್ಜಿಯಮ್ಮಿನ ಗಣಿಗೆ ಬರೆದೆ. ಎರಡನೆಯ ವರ್ಷವೇ ಬಿಟ್ಟುಹೋದ ಎಂದರು. ಪಾದ್ರಿಗಳಿಂದ ಬರೆಸಿದೆ, ಉತ್ತರವಿಲ್ಲ. ಈಗ ಸರ್ಕಾರವೇ ನಿನ್ನನ್ನು ಹುಡುಕುತ್ತದೆ ಎಂದಾಗ ಕಾಗದ ಎಲ್ಲಿದೆ ಎಂದು ಕೇಳಿ ಅಲ್ಲೇ ಸಹಿ ಹಾಕಿದೆ. ನಿನ್ನ ಮರ ನನಗೆ ಬೇಕಾಗಿರಲಿಲ್ಲ, ಸವೇರಿಯೊ. ನೀನು ಕೋಪದಿಂದಲಾದರೂ ಬಂದು ಬಾಗಿಲಲ್ಲಿ ನಿಲ್ಲಲಿ ಎಂದುಕೊಂಡೆ.

ಕೋರ್ಟು ಹುಡುಕಿದ್ದು ಹೇಗೆ ಗೊತ್ತೇ? ಇಲ್ಲಿ ಕೇಳಿತು, ಅಲ್ಲಿ ಕೇಳಿತು. ವಿಳಾಸ ಸಿಗದಿದ್ದವರ ನೋಟಿಸನ್ನು ಅವರು ಕೊನೆಯದಾಗಿ ವಾಸವಿದ್ದ ಊರಿನ ಪುರಸಭೆಯಲ್ಲಿ ಇಡಬೇಕಂತೆ. ಅಂದರೆ ನಮ್ಮೂರಲ್ಲೇ! ನನ್ನ ಬಾಗಿಲಿನಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಗುಮಾಸ್ತನ ಕಪಾಟಿನಲ್ಲಿ. ನಾನು ದಿನಾ ಬ್ರೆಡ್ ತರಲು ಹೋದಾಗ ಒಳಗೆ ಹಣಕಿ ಕೇಳುತ್ತಿದ್ದೆ: ಯಾರಾದರೂ ಬಂದು ತೆಗೆದುಕೊಂಡರಾ? ಇಪ್ಪತ್ತನೆಯ ದಿನ ಗುಮಾಸ್ತ ಹೇಳಿದ: "ಇವತ್ತಿಗೆ ತಲುಪಿದ ಹಾಗೆ, ಅಕ್ಕಾ." ಯಾರಿಗೆ ತಲುಪಿತು ಎಂದು ಕೇಳಿದೆ. "ನಿಮ್ಮ ತಮ್ಮನಿಗೆ. ಕಾನೂನು ಹಾಗೆ ಅಂದ್ಕೊಳತ್ತೆ." ನಾನು ಬ್ರೆಡ್ಡನ್ನು ಅವನ ಮೇಜಿನ ಮೇಲೇ ಮರೆತು ಬಂದೆ. ದಾರಿಯುದ್ದಕ್ಕೂ ಅತ್ತೆ.

ಕಳೆದ ವಾರ ವಿಚಾರಣೆ ಆಯಿತು. ನೀನು ಬರಲಿಲ್ಲವೆಂದು ಮೊದಲು ಬರೆದುಕೊಂಡರು. ನ್ಯಾಯಾಧೀಶೆ ಚಿಕ್ಕ ವಯಸ್ಸಿನವಳು, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಬೆಲ್ಲೊಮೊ ವಕೀಲರು ಎದ್ದು, ನೋಟಿಸು ತಲುಪಿದರೂ ಪ್ರತಿವಾದಿ ಸುಮ್ಮನಿದ್ದಾನೆ, ಅಂದರೆ ಒಪ್ಪಿದ್ದಾನೆ ಎಂದರು. ಅವಳು ಕೈ ಎತ್ತಿ ತಡೆದಳು: "ಬರದೇ ಇರೋದು ಅಂದ್ರೆ ಒಪ್ಪಿದ ಅಂತಲ್ಲ, ವಕೀಲರೇ. ಸುಮ್ಮನಿದ್ದೋನು ಹೌದು ಅಂದಿಲ್ಲ." ಅಪ್ಪನ ಮನೆಯಲ್ಲಿ ಈ ಕಾನೂನು ಇರಲಿಲ್ಲವಲ್ಲ. "ನಿನ್ನ ಸಿಗರೇಟೇ ತಾನೇ ಮರ ಸುಟ್ಟಿದ್ದು?" ಎಂದು ಅಪ್ಪ ಕೇಳಿದಾಗ ನೀನು ತಲೆ ತಗ್ಗಿಸಿ ನಿಂತೆ. ಅಷ್ಟನ್ನೇ ಅಪ್ಪ ತಪ್ಪೊಪ್ಪಿಗೆ ಎಂದುಕೊಂಡರು. ಮರುದಿನ ಬೆಳಿಗ್ಗೆ ನಿನ್ನ ಹಾಸಿಗೆ ಮಡಿಸಿತ್ತು.

ಸಾಕ್ಷಿಗೆ ಗಾಣದ ಬಿಯಾಜೊ ಬಂದಿದ್ದ, ಮದುವೆಯ ಕೋಟು ಹಾಕಿಕೊಂಡು. "ಇಪ್ಪತ್ತೈದು ವರ್ಷದಿಂದ ಆ ಮರಗಳ ಎಣ್ಣೆಯೆಲ್ಲ ಮೇನಾನೇ ಒಯ್ಯೋದು, ಸವೇರಿಯೊನ ಡಬ್ಬ ಒಂದು ಬಿಟ್ಟು" ಎಂದುಬಿಟ್ಟ. ನ್ಯಾಯಾಧೀಶೆಯ ಪೆನ್ನು ನಿಂತಿತು. ಯಾವ ಡಬ್ಬ ಎಂದು ನನ್ನನ್ನೇ ಕೇಳಿದಳು. ವಕೀಲರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ನಾನು ಎಲ್ಲ ಹೇಳಿದೆ, ಹೆಸರು ಬರೆಯುವ ಬಣ್ಣ ನೀಲಿ ಎಂಬುದನ್ನೂ ಬಿಡಲಿಲ್ಲ. ಅವಳು ಕರವಸ್ತ್ರ ಮಡಿಚಿಟ್ಟು ಮೆಲ್ಲಗೆ ಹೇಳಿದಳು: "ಅಮ್ಮಾ, ಮರ ನೋಡಿಕೊಂಡ ಮಾತ್ರಕ್ಕೆ ಕಾನೂನಿನಲ್ಲಿ ಸ್ವಾಧೀನ ಆಗಲ್ಲ. ನಂದು ಅಂತ ನೋಡಿಕೊಂಡಿರಬೇಕು. ನೀವು ಅವರದು ಅಂತ್ಲೇ ನೋಡಿಕೊಂಡಿದೀರಿ." ಕೇಸು ವಜಾ ಆಯಿತು. ಹೊರಗೆ ಬಂದು ವಕೀಲರು "ಒಂದು ಡಬ್ಬದಲ್ಲಿ ಕೇಸು ಮುಳುಗಿಸಿದ್ರಲ್ಲಮ್ಮಾ!" ಎಂದು ಟೋಪಿ ಹಾಕಿಕೊಂಡು ಹೊರಟೇಹೋದರು. ಬಿಯಾಜೊ ಪಾಪ, ಕ್ಷಮೆ ಕೇಳಿ ಕೇಳಿ ಸಾಕಾದ. ನನಗೆ ಸೋತ ಬೇಸರ ಒಂದಿಷ್ಟೂ ಇಲ್ಲ. ಮರಗಳು ನಿನ್ನ ಹೆಸರಿನಲ್ಲೇ ಇವೆ. ಆದರೆ ನಿನ್ನನ್ನು ಹುಡುಕಲು ಇದ್ದ ಕೊನೆಯ ದಾರಿಯೂ ಮುಗಿಯಿತು, ಅದಕ್ಕೇ ಈ ವಾರವೆಲ್ಲ ಊಟ ಸೇರಲಿಲ್ಲ.

ಕೋಸಿಮೊ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದ. ಅಮ್ಮ ಇದ್ದಿದ್ದರೆ ಹಣೆಗೆ ಮುತ್ತಿಟ್ಟು ಏನು ಹರಸುತ್ತಿದ್ದಳೋ ಅದೆಲ್ಲ ನಿನಗಿರಲಿ. ಎದೆ ಬೆಚ್ಚಗಿಟ್ಟುಕೋ.

ನಿನ್ನ ಅಕ್ಕ,
ಮೇನಾ

ಮರೆತೆ ಎಂದುಕೊಳ್ಳಬೇಡ, ಇದನ್ನು ಬರೆಯಲೆಂದೇ ಕೂತದ್ದು, ಕೈ ಬರಲಿಲ್ಲ: ಆ ದಿನ ಸವರಿದ ಕೊಂಬೆಗಳ ರಾಶಿಗೆ ಬೆಂಕಿ ಇಟ್ಟವಳು ನಾನು. ಬೂದಿಗೆ ನೀರು ಹೊಯ್ಯಲಿಲ್ಲ. ಸಂಜೆ ಕೋಸಿಮೊನ ಮನೆಯವರು ನನ್ನನ್ನು ಮದುವೆಗೆ ಕೇಳಲು ಬರುವವರಿದ್ದರು, ತಲೆ ಬಾಚಿಕೊಳ್ಳಬೇಕಿತ್ತು, ಓಡಿ ಬಂದೆ. ಇಳಿಯುವಾಗ ನೀನು ಎದುರಾದೆ, ನನ್ನ ಬಕೆಟ್ಟು ಒಣಗಿತ್ತು. ನೀನು ಅದನ್ನು ನೋಡಿದ್ದೆ ಅಲ್ಲವೇ? ಅದಕ್ಕೇ ಸುಮ್ಮನಿದ್ದೆಯಾ? ಅಪ್ಪ ನಿನ್ನನ್ನು ಕೇಳುವಾಗ ನಾನೂ ಅಲ್ಲೇ ನಿಂತಿದ್ದೆ, ನಾನೂ ಸುಮ್ಮನಿದ್ದೆ. ಈ ಕಾಗದವನ್ನು ಗುಮಾಸ್ತನ ಕೈಗೆ ಕೊಟ್ಟು ನಿನ್ನ ನೋಟಿಸಿನ ಪಕ್ಕದಲ್ಲೇ ಇಡಿಸುತ್ತೇನೆ. ಇಪ್ಪತ್ತನೆಯ ದಿನ ನಿನಗೆ ತಲುಪಿತು ಎಂದು ಅವರು ಅಂದುಕೊಳ್ಳಲಿ. ನಾನು ಅಂದುಕೊಳ್ಳುವುದಿಲ್ಲ. ಬಂದುಬಿಡು, ಮರಿ. ನಿನ್ನ ಮುಖ ನೋಡಿ ಹೇಳಬೇಕು.