ಬಾಯಾರಿದ ಚಕ್ರಗಳು

ಜನವರಿ ೨೩, ಶುಕ್ರವಾರ

ನಡುಗುವುದು ಹುಡುಗಿಯ ಕಾಲೆಂದೇ ಒಂದು ತಿಂಗಳು ನಂಬಿದ್ದೆ. ನನ್ನ ಬಳಿ ಕಾರು ಕಲಿಯುವ ಪೂಜಿತಾ ಮರವಂತೆಯ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗಲೆಲ್ಲ "ಹೆದ್ರಬೇಡ" ಎನ್ನುತ್ತಿದ್ದೆ. ಇವತ್ತು ಅವಳಿಗೆ ಸಿಟ್ಟೇ ಬಂತು. "ಟೀಚರೇ, ನಂಗ್ ಹೆದ್ರಿಕಿ ಇಲ್ಲ. ಪೆಡಲೇ ನಡ್ಗುತ್." ನನ್ನ ಬದಿಯ ಬ್ರೇಕಿಗೆ ಕಾಲಿಟ್ಟೆ. ಹೌದು, ಪಾದದಡಿ ಗುಬ್ಬಿಯೊಂದು ಮಿಡುಕಿದಂತೆ.

ತಲ್ಲೂರಿನ ಗ್ಯಾರೇಜಿನ ಶೈಲೇಶ್ ಚಕ್ರ ಬಿಚ್ಚಿ, ಒಳಗಿನ ಬ್ರೇಕ್ ಡಿಸ್ಕಿಗೆ ಅಳತೆಯ ಗೇಜು ತಾಗಿಸಿ ತಿರುಗಿಸಿದ. ಮುಳ್ಳು ಅಲೆಯ ಹಾಗೆ ಏರಿ ಇಳಿಯಿತು.

"ಡಿಸ್ಕ್ ಸೊಟ್ಟ ಆಯ್ತ್. ಬಿಸಿ ಚಕ್ರಕ್ಕೆ ತಣ್ಣೀರ್ ಹೊಯ್ತ್ರ್ಯಾ ಎಂತ?"

ನಾನಲ್ಲ, ಅಮ್ಮ. ಕಲಿಯುವವರು ಬ್ರೇಕಿನಿಂದ ಕಾಲೇ ಎತ್ತುವುದಿಲ್ಲ, ಚಕ್ರ ಕಾದೇ ಇರುತ್ತದೆ. ಉಪ್ಪುಗಾಳಿಗೆ ಕಬ್ಬಿಣ ಉಳಿಯುವುದಿಲ್ಲವೆಂದು ಅವಳು, ಕಾರು ಅಂಗಳಕ್ಕೆ ಬಂದೊಡನೆ ಅದರ ಕಾಲು ತೊಳೆಯುತ್ತಾಳೆ. ಚುಂಯ್ ಎಂದಾಗ ಅವಳ ಮುಖ ಅರಳುತ್ತದೆ. ಬೇಡವೆನ್ನಲು ನನಗೆ ಬಾಯಿ ಬಾರದು.

ಹೊಸ ಡಿಸ್ಕ್ ಹಾಕಿಸಿದೆ. ಸಂಜೆಯ ಪಾಠ ಮುಗಿಸಿ, ಅದು ತಣಿಯಲೆಂದು ಬೀಜಾಡಿಯ ಕಡಲೆದುರು ಅರ್ಧ ಗಂಟೆ ಕೂತೆ. ಸುಮ್ಮನೆ ಕೂತು ಎಷ್ಟು ವರ್ಷವಾಗಿತ್ತು! ದೋಣಿಯೊಂದು ಬೆಳಕಿನೊಳಗೆ ಕರಗುತ್ತಾ ಹೋಯಿತು. ಅದರ ಹಿಂದೆಯೇ ನಾನೂ ಸ್ವಲ್ಪ ದೂರ ಹೋಗಿದ್ದೆನೇನೋ.

ಮನೆಯಂಗಳದಲ್ಲಿ ಅಮ್ಮ ಕೊಡಪಾನ ಹಿಡಿದು ಕಾದಿದ್ದಳು. ಹೊಯ್ದಳು. ಸದ್ದಿಲ್ಲ. ಬಗ್ಗಿ ಚಕ್ರಕ್ಕೆ ಕಿವಿಗೊಟ್ಟಳು.

"ಇವತ್ತ್ ಇದ್ಕೆ ಬಾಯಾರ್ಕಿ ಇಲ್ಯಾ?"

ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು.

"ನಿಂಗೂ ಇಲ್ಲ ಅಂತ ಕಾಣ್ತ್."

ಇಷ್ಟು ದಿನ ನನಗೆ ಬಾಯಾರಿತ್ತೆಂದು ನನಗೇ ಗೊತ್ತಿರಲಿಲ್ಲ.