ಕೊಳ್ಳಲ್ಲ ಎಂಬ ಆಣೆ

ಮೇಘನಾಳ ಅಪ್ಪನವರಿಗೆ,

ಆಸ್ಪತ್ರೆಯಿಂದ ಬಂದ ದಿನ ನೀವು ದೇವರ ಮನೆಯಲ್ಲಿ ಮಾದಪ್ಪನ ದೀಪ ಮುಟ್ಟಿ, “ಇನ್ನು ಒಂದು ಬಾಟಲಿಯನ್ನೂ ಕೊಳ್ಳಲ್ಲ” ಎಂದು ಆಣೆ ಮಾಡಿದಿರಿ. ನಾನು ನಂಬಿದೆ. ನಿನ್ನೆ ಬೇಸ್‌ಮೆಂಟಿನಲ್ಲಿ ಬಿಯರ್ ಬಕೆಟ್ ಕಂಡು ಕೇಳಿದರೆ, “ಕೊಳ್ಳಲ್ಲ ಅಂದಿದ್ದೆ ಕಣೇ, ಮಾಡಲ್ಲ ಅಂದಿದ್ನಾ?” ಎಂದು ನಕ್ಕಿರಿ.

ಮನೆಯಲ್ಲೇ ಬಿಯರ್ ಮಾಡುವ ಆ ಕಿಟ್ಟು ಹಿಂದಿನ ಬಾಡಿಗೆಯವರು ಬಿಟ್ಟುಹೋದದ್ದು, ಡೇಟ್ ಮುಗಿದು ಆರು ವರ್ಷವಾಗಿದೆ. ಅದರ ಈಸ್ಟ್ ಸತ್ತು, ನಾಲ್ಕು ದಿನವಾದರೂ ಒಂದು ಗುಳ್ಳೆ ಏಳಲಿಲ್ಲವಂತೆ. ಹಾಗೆ ಆ ಮಾದಪ್ಪನೇ ತಡೆದರೂ ನೀವು ನಿಲ್ಲಲಿಲ್ಲ. ನನ್ನ ದೋಸೆ ಹಿಟ್ಟನ್ನು ಎರಡು ಸೌಟು ಕದ್ದು ಸುರಿದಿರಿ. ಈಗ ಬುಸುಗುಟ್ಟುತ್ತಿದೆ. ಡಾಕ್ಟರು ಹೇಳಿದ್ದು ಕೊಂಡದ್ದು ಬೇಡ ಎಂದಲ್ಲ, ಒಂದು ತೊಟ್ಟೂ ಬೇಡ ಎಂದು.

ಮಗಳು ಫೋನಿನಲ್ಲಿ, “ಅಮ್ಮಾ, ಎನಫ್. ಹೋಬೋಕನ್‌ಗೆ ನಮ್ಮನೆಗೇ ಬಂದ್ಬಿಡು” ಅಂದಳು. ಹೋಗುವಂತಿಲ್ಲ. ಅವತ್ತು ಅದೇ ದೀಪ ಮುಟ್ಟಿ, ನಿಮ್ಮನ್ನು ಬಿಟ್ಟು ಹೋಗುವುದಿಲ್ಲ ಎಂದು ನಾನೂ ಆಣೆ ಮಾಡಿದ್ದೆ. ಆಡಿದ ಮಾತಿನಲ್ಲಿ ಸಂದು ಹುಡುಕುವುದು ನನಗೆ ಬರುವುದಿಲ್ಲ.

ಫ್ರಿಜ್ಜಿನಲ್ಲಿ ಸಾರಿದೆ, ಬಿಸಿ ಮಾಡಿಕೊಳ್ಳಿ. ನಾನು ದೇವಸ್ಥಾನದಿಂದ ಬರುವಷ್ಟರಲ್ಲಿ ಆ ಬಕೆಟ್ ಚೆಲ್ಲಿರಬೇಕು.

ಚೆಲ್ಲದಿದ್ದರೂ ಬರುತ್ತೇನೆ.

ನಿಮ್ಮ ಮನೆಯವಳು,
ಪುಟ್ಟಗೌರಿ